ಪಟ್ಟದಕಲ್ಲಿನ ಲೋಕೇಶ್ವರ ದೇವಾಲಯವೂ ‘ತೆಂಕಣ ದಿಸೆಯ ಸೂತ್ರಧಾರಿ’ಯೂ

೧. ವಿಷಯ ಪ್ರವೇಶ

ಕನ್ನಡ ನಾಡಿನ ಪ್ರಾಚೀನ ಶಿಲ್ಪವನ್ನು ನೋಡಬೇಕೆಂದು ಹೊರಟವರು ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಂಬ ಮೂರು ಸ್ಥಳಗಳನ್ನು ಒಂದೇ ಪ್ರವಾಸದಲ್ಲಿ ಮುಗಿಸಿಕೊಂಡು ಬರುವುದು ವಾಡಿಕೆಯಾಗಿದೆ. ಇವುಗಳಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಮುಂದೆ ನಿಂತಾಗ ಪ್ರೇಕ್ಷಕನ ಕಿವಿಗೆ ಬೀಳದೆ ಇರದ ಮಾತೊಂದುಂಟು. ಚಾಲುಕ್ಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು, ಅಲ್ಲಿಯ ಕೈಲಾಸನಾಥ ದೇವಾಲಯವನ್ನು ಕಂಡು ಬೆರಗಾಗಿ, ಆ ನಾಡಿನ ಶಿಲ್ಪಿಗಳನ್ನು ತನ್ನ ರಾಜ್ಯಕ್ಕೆ ಕರೆತಂದು ಈ ಗುಡಿಯನ್ನು ಕಟ್ಟಿಸಿದನೆಂಬುದೇ ಆ ಮಾತು. ಕಥೆಯು ಚಿಕ್ಕದು, ನೆನಪಿನಲ್ಲಿ ನಿಲ್ಲುವಂಥದು, ಪುಸ್ತಕಗಳಲ್ಲಿಯೂ ಅನೇಕ ಸಲ ಅಚ್ಚಾಗಿರುವಂಥದು. ಆದರೆ ಇದಕ್ಕೆ ಆಧಾರವೇನೆಂದು ಕೇಳಿದರೆ, ಎರಡು ಗುಡಿಗಳ ರೂಪಸಾಮ್ಯವನ್ನು ಬಿಟ್ಟರೆ, ಇದೇ ದೇವಾಲಯದ ಕನ್ನಡ ಶಾಸನವೊಂದರ ಮೂರು ಪದಗಳೇ ಉಳಿಯುತ್ತವೆ. ಆ ಪದಗಳನ್ನು ನಾವು ಸರಿಯಾಗಿ ಓದಿಕೊಂಡಿದ್ದೇವೆಯೇ ಎಂಬುದನ್ನು ಪರಾಮರ್ಶಿಸುವುದೂ, ದೇವಾಲಯವನ್ನು ನೋಡಹೋಗುವವರಿಗೆ ನೋಡುವ ಕ್ರಮವೊಂದನ್ನು ಸೂಚಿಸುವುದೂ ಈ ಲೇಖನದ ಉದ್ದೇಶವಾಗಿದೆ.

೨. ಸ್ಥಳ ಮತ್ತು ಕಾಲ

ಪಟ್ಟದಕಲ್ಲು ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯಿಂದ ಸುಮಾರು ೨೨ ಕಿಲೋಮೀಟರು ದೂರದಲ್ಲಿ, ಮಲಪ್ರಭಾ ನದಿಯ ಎಡದಂಡೆಯ ಮೇಲೆ ಇದೆ. ನದಿಯು ಇಲ್ಲಿ ಉತ್ತರವಾಹಿನಿಯಾಗಿ ಹರಿಯುವುದರಿಂದ ಸ್ಥಳಕ್ಕೆ ತೀರ್ಥದ ಮಹಿಮೆಯೂ ಸೇರಿಕೊಂಡಿದೆ. ಶಾಸನಗಳಲ್ಲಿ ಊರಿನ ಹೆಸರು ಕಿಸುವೊಳಲ್ ಎಂದಿದೆ. ‘ಕಿಸು’ ಎಂದರೆ ಕೆಂಪು, ‘ಪೊೞಲ್’ ಎಂದರೆ ಪಟ್ಟಣ. ಸುತ್ತಣ ಗುಡ್ಡಗಳ ಕೆಂಪು ಮರಳುಗಲ್ಲನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಚಾಲುಕ್ಯ ಅರಸರ ಪಟ್ಟಾಭಿಷೇಕಕ್ಕೆ ಈ ಸ್ಥಳವು ಸಂಬಂಧಪಟ್ಟಿದ್ದಿತೆಂಬುದನ್ನು ‘ಪಟ್ಟದ ಕಿಸುವೊಳಲ್’ ಎಂಬ ಹೆಸರೂ ಈಗಿನ ಹೆಸರೂ ಸೂಚಿಸುತ್ತವೆ. ಇಲ್ಲಿಯ ದೇವಾಲಯ ಸಮುದಾಯವು ೧೯೮೭ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ಸಮುದಾಯದ ಮೂರು ಮುಖ್ಯ ಗುಡಿಗಳನ್ನು ಕಟ್ಟಿಸಿದವರಾರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಇದಕ್ಕೆ ಸಾಕ್ಷಿಯಾಗಿ ಗುಡಿಗಳ ಬಳಿಯಲ್ಲಿಯೇ ಒಂದು ಶಿಲಾಸ್ತಂಭವು ನಿಂತಿದೆ. ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ, ಕ್ರಿ. ಶ. ೭೫೪ರಲ್ಲಿ, ಗಂಗಾನದಿಯ ಉತ್ತರ ತೀರದಿಂದ ಬಂದ ಜ್ಞಾನಶಿವಾಚಾರ್ಯನೆಂಬ ಶೈವಾಚಾರ್ಯನು ಇದನ್ನು ನಿಲ್ಲಿಸಿದನು. ಒಂದೇ ಶಾಸನವನ್ನು ಕನ್ನಡ ಲಿಪಿಯಲ್ಲಿಯೂ ಉತ್ತರ ದೇಶದ ಸಿದ್ಧಮಾತೃಕಾ ಲಿಪಿಯಲ್ಲಿಯೂ ಇದರಲ್ಲಿ ಕೆತ್ತಿದೆ. ಇದರಿಂದ ತಿಳಿದುಬರುವುದೇನೆಂದರೆ: ವಿಜಯಾದಿತ್ಯನು (೬೯೬–೭೩೩) ವಿಜಯೇಶ್ವರವನ್ನು ಕಟ್ಟಿಸಿದನು, ಅವನ ಮಗ ಇಮ್ಮಡಿ ವಿಕ್ರಮಾದಿತ್ಯನ ಪಟ್ಟದರಸಿ, ಹೈಹಯ ವಂಶದ ಲೋಕಮಹಾದೇವಿಯು ಲೋಕೇಶ್ವರವನ್ನು ಕಟ್ಟಿಸಿದಳು, ಅವಳ ಒಡಹುಟ್ಟಿದ ತಂಗಿಯೂ ಅದೇ ಅರಸನ ರಾಣಿಯೂ ಕೀರ್ತಿವರ್ಮನ ತಾಯಿಯೂ ಆದ ತ್ರೈಲೋಕ್ಯಮಹಾದೇವಿಯು ತ್ರೈಲೋಕ್ಯೇಶ್ವರವನ್ನು ಕಟ್ಟಿಸಿದಳು. ಈಗ ಇವುಗಳನ್ನು ಕ್ರಮವಾಗಿ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಎಂಬ ಹೆಸರುಗಳಿಂದ ಕರೆಯುತ್ತಾರೆ. ಕಟ್ಟಿಸಿದವರ ಹೆಸರು ದೇವರ ಹೆಸರಿನಲ್ಲಿ ಅಡಗಿದ್ದುದು ಹೊಸ ಹೆಸರುಗಳು ರೂಢಿಗೆ ಬಂದ ಮೇಲೆ ಮರೆಯಾಯಿತು. ‘ವಿಕ್ರಮಾದಿತ್ಯನು ಕಟ್ಟಿಸಿದ ಗುಡಿ’ ಎಂಬ ಮಾತಿನಲ್ಲಿ ರಾಣಿಗೆ ಸಲ್ಲತಕ್ಕ ಕೀರ್ತಿಯು ಅರಸನಿಗೆ ಸಂದಿರುವುದನ್ನು ಮೊದಲು ಗಮನಿಸಬೇಕು.

೩. ನೋಡುವ ಕ್ರಮ

ಈಗಿನ ದಾರಿಯಲ್ಲಿ ಬಂದವರು ಉತ್ತರದ ಕಡೆಯಿಂದ ಒಳಹೊಕ್ಕು, ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ ಮೊದಲಾದ ಚಿಕ್ಕ ದೊಡ್ಡ ಗುಡಿಗಳನ್ನು ದಾಟಿ, ಕೊನೆಗೆ ವಿರೂಪಾಕ್ಷಕ್ಕೆ ಬರುತ್ತಾರೆ. ಅಷ್ಟರಲ್ಲಿ ಕಣ್ಣು ದಣಿದಿರುತ್ತದೆ. ನಮ್ಮ ಸೂಚನೆಯೇನೆಂದರೆ, ಮೊದಲು ವಿಜಯೇಶ್ವರದ ಬಳಿ ಸಾವಧಾನವಾಗಿ ನಿಲ್ಲಬೇಕು. ಮೂರು ಗುಡಿಗಳಲ್ಲಿ ಇದೇ ಹಿರಿಯದು. ಕೆಲಸವು ಪೂರ್ಣವಾಗದೆ ಉಳಿದುದು. ಇದರ ವಿಮಾನವು ಅಂತಸ್ತು ಅಂತಸ್ತಾಗಿ ಮೇಲೇರುವ ದ್ರಾವಿಡ ಕ್ರಮದ್ದು. ಈ ಗುಡಿಯ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರಕ್ಕೆ ಅರ್ಧ ದಾರಿ ಸವೆದಂತೆಯೇ ಸರಿ. ಏಕೆಂದರೆ ಇದು ಇಮ್ಮಡಿ ವಿಕ್ರಮಾದಿತ್ಯನು ಅರಸನಾಗುವುದಕ್ಕೆ ಮೊದಲಿನದು.

ಅನಂತರ ಲೋಕೇಶ್ವರದ ಪ್ರಾಕಾರವನ್ನು ಬಳಸಿಕೊಂಡು ಪೂರ್ವಕ್ಕೆ, ನದಿಯ ಕಡೆಗೆ ಬಂದು ನಿಲ್ಲಬೇಕು. ಗುಡಿಯು ಪೂರ್ವಾಭಿಮುಖವಾದುದರಿಂದ ಅದರ ನಿಜವಾದ ಮುಖವು ಇಲ್ಲಿಂದಲೇ ಕಾಣುವುದು. ಮುಂದೆ ನಂದಿಮಂಟಪ, ಅದರಲ್ಲಿ ಕರಿಯ ಕಲ್ಲಿನ ನಂದಿ. ಬಳಿಕ ಮೂಡಣ ಮುಖಮಂಟಪ. ಸಭಾಮಂಟಪಕ್ಕೆ ಬಡಗಣದಲ್ಲಿಯೂ ತೆಂಕಣದಲ್ಲಿಯೂ ಇನ್ನೆರಡು ಮುಖಮಂಟಪಗಳಿವೆ. ಸಭಾಮಂಟಪದ ಚೌಕ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳನ್ನು ತೆಳುವಾಗಿ ಕೆತ್ತಿದೆ. ರಾವಣನೊಡನೆ ಜಟಾಯುವು ಹೋರಾಡುವ ಚಿತ್ರವು ಇವುಗಳಲ್ಲಿ ಒಂದು. ಗರ್ಭಗೃಹದ ಮುಂದೆ ಎರಡು ಚಿಕ್ಕ ಗುಡಿಗಳು ಎದುರುಬದುರಾಗಿ, ಒಂದು ಗಣಪತಿಗೆ, ಇನ್ನೊಂದು ಮಹಿಷಮರ್ದಿನಿಗೆ ಮೀಸಲಾಗಿವೆ. ಗರ್ಭಗೃಹದ ಸುತ್ತಲೂ ಪ್ರದಕ್ಷಿಣಾಪಥ. ಅದಕ್ಕೆ ಬೆಳಕು ಬರುವುದು ಗೋಡೆಯಲ್ಲಿ ಕೊರೆದ ಕಲ್ಲಿನ ಜಾಲಂಧ್ರಗಳಿಂದ. ಹೊರಗೆ ಬಂದು ಮೇಲೆ ನೋಡಿದರೆ ಮೂರು ತಲದ ವಿಮಾನವೂ, ಅದರ ಮುಂದಕ್ಕೆ ಚಾಚಿಕೊಂಡ, ನಟರಾಜನನ್ನು ಹೊತ್ತ ಶುಕನಾಸಿಯೂ ಕಾಣುತ್ತವೆ. ಈ ಶುಕನಾಸಿಯನ್ನು ವಾಚಕರು ನೆನಪಿಡಬೇಕು. ಇಲ್ಲಿ ಪೂಜೆಯು ಇಂದಿಗೂ ನಡೆಯುತ್ತಿದೆ. ಆದುದರಿಂದ ಇದು ಕೇವಲ ಪ್ರೇಕ್ಷಣೀಯ ವಸ್ತುವಲ್ಲವೆಂಬುದನ್ನೂ ಮರೆಯಲಾಗದು.

೪. ಕಲ್ಲಿನ ಮೇಲಿನ ಹೆಸರುಗಳು

ದೇವಾಲಯದ ಪೂರ್ವ ಪ್ರವೇಶದಲ್ಲಿರುವ ಹಳಗನ್ನಡ ಶಾಸನಗಳನ್ನು ಫ್ಲೀಟ್ ಪಂಡಿತರು ೧೮೮೧ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಒಂದು ಶಾಸನವು, ಕಂಚಿಯನ್ನು ಮೂರು ಸಲ ಸೋಲಿಸಿದ ವಿಕ್ರಮಾದಿತ್ಯನ ಮಹಾದೇವಿಯಾದ ಲೋಕಮಹಾದೇವಿಯ ಗುಡಿಯ ಸೂತ್ರಧಾರಿಯು ಗುಂಡ ಅನಿವಾರಿತಾಚಾರಿ ಎಂದೂ, ಅವನಿಗೆ ‘ಪೆರ್ಜೆರೆಪು’ ಎಂಬ ಗೌರವವೂ ‘ತ್ರಿಭುವನಾಚಾರಿ’ ಎಂಬ ಬಿರುದೂ ದೊರೆತುವೆಂದೂ ಹೇಳುತ್ತದೆ. ಇನ್ನೊಂದು ಶಾಸನವು ಸರ್ವಸಿದ್ಧಿ ಆಚಾರಿ ಎಂಬವನನ್ನು ಕೊಂಡಾಡುತ್ತದೆ. ಅವನು ಸಕಲ ಗುಣಗಳಿಗೆ ಆಶ್ರಯನು; ಅನೇಕ ಪುರಗಳ ವಾಸ್ತುವಿಗೆ ಪಿತಾಮಹನು; ಮನೆ, ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟ, ಚೂಡಾಮಣಿಗಳವರೆಗೆ ಕೈಚಳಕವುಳ್ಳವನು. ಈ ಹೊಗಳಿಕೆಯ ಕೊನೆಯಲ್ಲಿ ಅವನನ್ನು ‘ತೆಂಕಣ ದಿಸೆಯ ಸೂತ್ರಧಾರಿ’ ಎಂದು ಕರೆದಿದೆ.

ದೊಡ್ಡ ಸೂತ್ರಧಾರಿಗಳ ಹೆಸರಷ್ಟೇ ಅಲ್ಲದೆ, ಬಿಡಿ ವಿಗ್ರಹಗಳನ್ನು ಕಡೆದ ಚೆಂಗಮ್ಮ, ಪುಲ್ಲಪ್ಪನ್, ದುಗ್ಗಿ ಆಚಾರಿಯ ಮಗನಾದ ಬಲದೇವ ಎಂಬವರ ಹೆಸರುಗಳೂ ಇಲ್ಲಿ ಉಳಿದಿವೆ. ವಿಜಯಾದಿತ್ಯನು ಗಂಧರ್ವರಿಗೆ, ಎಂದರೆ ಗಾಯಕರಿಗೆ, ಕೊಟ್ಟಿದ್ದ ಕಟ್ಟಳೆಗಳನ್ನು ಲೋಕಮಹಾದೇವಿಯು ಸ್ಥಿರಪಡಿಸಿದಳೆಂಬ ಶಾಸನವೂ ಇಲ್ಲಿದೆ. ಕೆಲಸ ಮಾಡಿದವರ ಹೆಸರನ್ನು ಇಷ್ಟು ಅಕ್ಕರೆಯಿಂದ ಕಾಪಾಡಿದ ದೇವಾಲಯಗಳು ಆ ಕಾಲದಲ್ಲಿ ವಿರಳ. ಹೀಗಿರಲು, ಆ ಕೆಲಸಗಾರರು ಎಲ್ಲಿಯವರೆಂಬ ಪ್ರಶ್ನೆಯನ್ನು ಕೇಳಿಕೆಯ ಮಾತಿಗೆ ಬಿಡುವುದು ನ್ಯಾಯವಾಗದು.

೫. ‘ತೆಂಕಣ ದಿಸೆ’ ಎಂದರೇನು?

ಫ್ಲೀಟ್ ಪಂಡಿತರು ಈ ಪದಗಳನ್ನು ‘ದಕ್ಷಿಣ ದೇಶದ’ ಎಂಬರ್ಥದಲ್ಲಿ ಭಾಷಾಂತರಿಸಿದರು. ಶಾಸನದಲ್ಲಿಯೇ ಕಂಚಿಯ ಗೆಲವಿನ ಮಾತು ಇರುವುದರಿಂದ, ದಕ್ಷಿಣ ದೇಶವೆಂದರೆ ಕಂಚಿಯ ಸೀಮೆಯೆಂದು ಮುಂದಿನವರು ಊಹಿಸಿದರು. ಊಹೆಯ ಮೇಲೆ ಊಹೆ ಸೇರಿ, ಸರ್ವಸಿದ್ಧಿ ಆಚಾರಿಯು ಕಂಚಿಯಿಂದ ಬಂದವನಾದನು. ಇನ್ನು ಕೆಲವರು ‘ತೆಂಕಣ ದಿಸೆ’ ಎಂದರೆ ದಕ್ಷಿಣದ ಶೈಲಿ, ಎಂದರೆ ದ್ರಾವಿಡ ಕ್ರಮ, ಎಂದು ಅರ್ಥಮಾಡಿದರು. ಮೂರನೆಯ ಅರ್ಥವೊಂದುಂಟು, ಅದು ಪದಗಳಿಗೆ ಎಲ್ಲಕ್ಕಿಂತ ಹತ್ತಿರವಾದುದು. ‘ತೆಂಕಣ ದಿಸೆ’ ಎಂದರೆ ತೆಂಕಣ ದಿಕ್ಕು, ಕಟ್ಟಡದ ದಕ್ಷಿಣ ಪಾರ್ಶ್ವ. ಹಾಗಾದರೆ ಸರ್ವಸಿದ್ಧಿ ಆಚಾರಿಯು ಈ ಗುಡಿಯ ದಕ್ಷಿಣ ಭಾಗದ ಕೆಲಸವನ್ನು ನಡೆಸಿದ ಸೂತ್ರಧಾರಿಯಾಗುತ್ತಾನೆ.

ಭಾಷೆಯ ದೃಷ್ಟಿಯಿಂದ ನೋಡಿದರೆ, ‘ದಿಸೆ’ ಅಥವಾ ‘ದೆಸೆ’ ಎಂಬುದು ‘ದಿಶಾ’ ಎಂಬುದರ ತದ್ಭವ. ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಣ ದೆಸೆ, ತೆಂಕಣ ದೆಸೆ ಎಂದು ಪದೇ ಪದೇ ಬರುವುದನ್ನು ಶಾಸನಗಳನ್ನು ಓದಿದವರೆಲ್ಲರೂ ಬಲ್ಲರು. ದೇಶವನ್ನು ಹೇಳಬೇಕಾದಲ್ಲಿ ನಾಡು, ವಿಷಯ, ಮಂಡಲ ಎಂಬ ಪದಗಳು ಇದ್ದೇ ಇದ್ದುವು. ‘ತೆಂಕನಾಡು’ ಎಂಬ ಸ್ಪಷ್ಟ ಪದವು ಪಂಪನಲ್ಲಿಯೇ ಇದೆ. ‘ದಿಸೆ’ಗೆ ಪ್ರದೇಶವೆಂಬ ಅರ್ಥವು ಎಂದಿಗೂ ಬರಲಾರದೆಂದು ನಾವು ಹೇಳುವುದಿಲ್ಲ. ಆದರೆ ಕಟ್ಟಡವೊಂದರ ಮೇಲೆ, ಅದರ ಸೂತ್ರಧಾರಿಯನ್ನು ಕುರಿತು ಬರೆದ ಮಾತಿನಲ್ಲಿ ‘ದಿಸೆ’ಯೆಂದರೆ ಮೊದಲು ಹೊಳೆಯುವುದು ಕಟ್ಟಡದ ದಿಕ್ಕೇ ಹೊರತು ದೂರದ ದೇಶವಲ್ಲ.

ಈ ಅರ್ಥಕ್ಕೆ ಬಲವಾದ ಬೆಂಬಲವು ಅದೇ ಊರಿನಲ್ಲಿಯೇ ದೊರೆಯುತ್ತದೆ. ವಿರೂಪಾಕ್ಷದಿಂದ ತೆಂಕಣಕ್ಕೆ ಸ್ವಲ್ಪ ದೂರ ನಡೆದರೆ ಪಾಪನಾಥ ದೇವಾಲಯವಿದೆ. ಬಹುಮಂದಿ ಪ್ರವಾಸಿಗಳು ದಣಿದು ಇದನ್ನು ಬಿಟ್ಟುಹೋಗುತ್ತಾರೆ. ನಮ್ಮ ವಿಚಾರಕ್ಕೆ ಮಾತ್ರ ಇದನ್ನು ನೋಡದೆ ಹೋದರೆ ಯಾತ್ರೆಯೇ ಅಪೂರ್ಣ. ಇದರ ಪೂರ್ವ ಭಿತ್ತಿಯ ಶಾಸನದಲ್ಲಿ, ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿದ ರೇವಡಿ ಓವಜ್ಜನು ‘ತೆಂಕಣ ದಿಸೆ’ಯನ್ನು ಮಾಡಿದವನೆಂದು ಹೇಳಿದೆ. ಮೇಲಿನ ಮೂರು ಅರ್ಥಗಳನ್ನೂ ಇಲ್ಲಿ ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದಾಗಿ, ದೇಶವೆಂಬ ಅರ್ಥ. ಒಬ್ಬ ಶಿಲ್ಪಿಯು ‘ದಕ್ಷಿಣ ದೇಶವನ್ನು ಮಾಡಿದನು’ ಎಂದರೆ ಅರ್ಥವೇ ಕೂಡುವುದಿಲ್ಲ. ಆ ದೇಶದ ಕಟ್ಟಡಗಳನ್ನು ಮಾಡಿದನೆಂದು ಇಲ್ಲದ ಪದಗಳನ್ನು ನಾವೇ ಸೇರಿಸಿಕೊಳ್ಳಬೇಕು. ಎರಡನೆಯದಾಗಿ, ಶೈಲಿಯೆಂಬ ಅರ್ಥ. ಪಾಪನಾಥದ ಗೋಡೆಗಳಲ್ಲಿ ದ್ರಾವಿಡ ಕ್ರಮದ ಅಂಗಗಳು ಇದ್ದರೂ, ಅದರ ಶಿಖರವು ಉತ್ತರದ ನಾಗರ ಕ್ರಮದ್ದು. ದಕ್ಷಿಣ ಶೈಲಿಯನ್ನು ಮಾಡಿದವನೆಂದು ಹೆಗ್ಗಳಿಸುವುದಕ್ಕೆ ಇದು ತಕ್ಕ ಗುಡಿಯಲ್ಲ. ಮೂರನೆಯದಾಗಿ, ಪಾರ್ಶ್ವವೆಂಬ ಅರ್ಥ. ಪಾಪನಾಥದ ದಕ್ಷಿಣದ ಗೋಡೆಯನ್ನು ನೋಡಿದವರಿಗೆ ಇದರ ಯುಕ್ತತೆಯು ತಾನಾಗಿಯೇ ಮನವರಿಕೆಯಾಗುವುದು. ಆ ಗೋಡೆಯ ಮೇಲೆ ರಾಮಾಯಣದ ಕಥೆಯನ್ನು, ಪಾತ್ರಗಳ ಹೆಸರನ್ನೂ ಬರೆದು, ಸಾಲಾಗಿ ಕೆತ್ತಿದೆ. ಉತ್ತರದ ಗೋಡೆಯ ಮೇಲೆ ಅರ್ಜುನನ ಕಥೆಯೇ ಮೊದಲಾದ ಭಾರತದ ಪ್ರಸಂಗಗಳಿವೆ. ಎರಡು ಪಾರ್ಶ್ವಗಳಿಗೆ ಎರಡು ಬೇರೆ ವಸ್ತುಗಳು. ಹೀಗಿರುವಲ್ಲಿ, ಒಬ್ಬ ಆಚಾರಿಯು ತೆಂಕಣ ಪಾರ್ಶ್ವವನ್ನು ವಹಿಸಿಕೊಂಡು ಮಾಡಿ, ಅದನ್ನು ತನ್ನ ಕೆಲಸವೆಂದು ಬರೆಯಿಸಿಕೊಳ್ಳುವುದು ಸಹಜವೇ ಆಗಿದೆ.

ಪಾಪನಾಥದಲ್ಲಿ ಸಲ್ಲುವ ಅರ್ಥವು, ಅದೇ ಪರಂಪರೆಯ ಹಿರಿಯನಾದ ಸರ್ವಸಿದ್ಧಿ ಆಚಾರಿಯ ಶಾಸನದಲ್ಲಿಯೂ ಸಲ್ಲಬೇಕು. ಆಗ ಇನ್ನೊಂದು ತೊಡಕೂ ಬಿಡುತ್ತದೆ. ಲೋಕೇಶ್ವರಕ್ಕೆ ಇಬ್ಬರು ಸೂತ್ರಧಾರಿಗಳೇಕೆ ಎಂಬ ಶಂಕೆಗೆ, ಕೆಲಸವನ್ನು ಪಾರ್ಶ್ವಗಳಾಗಿ ಹಂಚಿಕೊಂಡಿದ್ದರೆಂಬುದೇ ಉತ್ತರವಾಗುತ್ತದೆ. ಒಂದೇ ಅಳತೆ, ಒಂದೇ ಯೋಜನೆ; ಆದರೆ ಕೈಗಳು ಎರಡು. ನಡುವಣ ಸೂತ್ರದ ಎರಡು ಕಡೆಗೂ ಎರಡು ತಂಡಗಳು ಕೆಲಸಮಾಡಿದರೆ ಇಷ್ಟು ದೊಡ್ಡ ಗುಡಿಯು ಬೇಗ ಮುಗಿಯುವುದೂ ಸಾಧ್ಯ. ನೋಡಹೋದವರು ತೆಂಕಣ ಮತ್ತು ಬಡಗಣ ಗೋಡೆಗಳ ಗೂಡುಗಳನ್ನೂ ಜಾಲಂಧ್ರಗಳನ್ನೂ ವಿಗ್ರಹಗಳನ್ನೂ ಒಂದಕ್ಕೊಂದು ಹೋಲಿಸುತ್ತ ಪ್ರದಕ್ಷಿಣೆ ಬಂದರೆ, ಈ ಎರಡು ಕೈಗಳ ಭೇದವನ್ನು ತಾವೇ ಪರೀಕ್ಷಿಸಬಹುದು.

೬. ಕಂಚಿಯ ಋಣವೆಷ್ಟು?

ಹಾಗಾದರೆ ಕಂಚಿಗೂ ಪಟ್ಟದಕಲ್ಲಿಗೂ ಸಂಬಂಧವೇ ಇಲ್ಲವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಸಂಬಂಧವು ನಿಜವಾದುದು, ಅದಕ್ಕೆ ಕಂಚಿಯಲ್ಲಿಯೇ ಕನ್ನಡದ ಸಾಕ್ಷಿಯಿದೆ. ಪಲ್ಲವ ರಾಜಸಿಂಹನು ಕಟ್ಟಿಸಿದ ಕೈಲಾಸನಾಥ ದೇವಾಲಯದ ಮುಂದಣ ಮಂಟಪದ ಕಂಬವೊಂದರಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವನ್ನು ಇಂದಿಗೂ ಕಾಣಬಹುದು. ಅವನು ಕಂಚಿಯನ್ನು ಗೆದ್ದು, ಆ ದೇವಾಲಯದ ಧನವನ್ನು ಕಂಡು, ಅದನ್ನು ಮುಟ್ಟದೆ ದೇವರಿಗೇ ಬಿಟ್ಟನೆಂದು ಅದು ಹೇಳುತ್ತದೆ. ಇದಕ್ಕೆ ಸುಮಾರು ನೂರು ವರ್ಷಗಳ ಹಿಂದೆ, ೬೪೨ರಲ್ಲಿ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಬರೆಯಿಸಿದ್ದನು. ಆ ಅವಮಾನದ ನೆನಪಿದ್ದೂ ಹಗೆಯ ಊರನ್ನು ಸುಲಿಯದೆ ಬಿಟ್ಟುದು ಚಾಲುಕ್ಯನ ದೊಡ್ಡತನವೇ ಸರಿ.

ವಿಕ್ರಮಾದಿತ್ಯನಾಗಲಿ ಅವನೊಡನೆ ಇದ್ದವರಾಗಲಿ ಕೈಲಾಸನಾಥವನ್ನು ಕಣ್ಣಾರೆ ಕಂಡರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ. ಪ್ರಾಕಾರದ ಗೋಡೆಗೆ ಒತ್ತಿ ಚಿಕ್ಕ ಚಿಕ್ಕ ಗುಡಿಗಳನ್ನು ಸಾಲಾಗಿ ನಿಲ್ಲಿಸುವ ಯೋಜನೆಯು ಎರಡು ಕಡೆಯೂ ಇದೆ. ಇದನ್ನು ಕಂಚಿಯ ನೆನಪೆಂದು ಒಪ್ಪಬಹುದು. ಆದರೆ ನೋಡುವುದು ಬೇರೆ, ಹಿಡಿದು ತರುವುದು ಬೇರೆ. ಕೀರ್ತಿವರ್ಮನ ವಕ್ಕಲೇರಿಯ ತಾಮ್ರಶಾಸನವು (೭೫೭) ಅವನ ತಂದೆಯು ಪಲ್ಲವನಿಂದ ತಂದ ವಸ್ತುಗಳನ್ನು ಎಣಿಸಿ ಹೇಳುತ್ತದೆ: ಕಟುಮುಖವೆಂಬ ವಾದ್ಯ, ಸಮುದ್ರಘೋಷ, ಖಟ್ವಾಂಗಧ್ವಜ, ಆನೆಗಳು, ಮಾಣಿಕ್ಯದ ರಾಶಿ. ರಾಜಸಿಂಹೇಶ್ವರ ಮೊದಲಾದ ದೇವಾಲಯಗಳಿಗೆ ಅವನು ಸುವರ್ಣವನ್ನು ಕೊಟ್ಟುದನ್ನೂ ಹೇಳುತ್ತದೆ. ಶಿಲ್ಪಿಗಳನ್ನು ತಂದ ಮಾತು ಅದರಲ್ಲಿ ಇಲ್ಲ. ಹೇಳದೆ ಇರುವುದೇ ನಿರ್ಣಾಯಕ ಪ್ರಮಾಣವಾಗದು. ಆದರೂ ವಾದ್ಯವನ್ನೂ ಧ್ವಜವನ್ನೂ ಮರೆಯದ ಶಾಸನಕಾರನು ಶಿಲ್ಪಿಗಳನ್ನು ಮರೆತನೆಂಬುದು ಸುಲಭವಾಗಿ ನಂಬತಕ್ಕ ಮಾತಲ್ಲ.

ಇನ್ನು ದ್ರಾವಿಡ ಕ್ರಮವು ಕಂಚಿಯ ಗೆಲವಿನೊಡನೆ ಬಂದಿತೆಂಬುದಂತೂ ನಿಲ್ಲಲಾರದು. ಬಾದಾಮಿಯ ಮಾಲೆಗಿತ್ತಿ ಶಿವಾಲಯವೂ ಮಹಾಕೂಟದ ಮಹಾಕೂಟೇಶ್ವರವೂ ದ್ರಾವಿಡ ವಿಮಾನಗಳನ್ನು ಹೊತ್ತು ಅದಕ್ಕೆ ಬಹುಕಾಲ ಮೊದಲೇ ನಿಂತಿದ್ದುವು. ಪಟ್ಟದಕಲ್ಲಿನಲ್ಲಿಯೇ ಮಾವನ ಗುಡಿಯಾದ ವಿಜಯೇಶ್ವರವು ಸೊಸೆಯ ಕಣ್ಣೆದುರಿಗೆ ಇದ್ದಿತು. ಲೋಕೇಶ್ವರದಲ್ಲಿ ವಿಜಯೇಶ್ವರದ ಕ್ರಮವೇ ಬೆಳೆದು, ಸಭಾಮಂಟಪ, ಮುಖಮಂಟಪಗಳೊಡನೆ ಪೂರ್ಣವಾಗಿದೆ. ಮೇಲೆ ನೆನಪಿಡಹೇಳಿದ ಶುಕನಾಸಿಯಾದರೋ ಕಂಚಿಯ ಪಲ್ಲವ ವಿಮಾನಗಳಲ್ಲಿ ಕಾಣದ ಅಂಗ. ಚಾಲುಕ್ಯರ ಸ್ಥಪತಿಗಳು ಅದನ್ನು ಉತ್ತರದ ಕ್ರಮದ ತಮ್ಮ ಗುಡಿಗಳಲ್ಲಿ ಬಳಸಿ, ಇಲ್ಲಿ ದ್ರಾವಿಡ ವಿಮಾನಕ್ಕೂ ಜೋಡಿಸಿದರು. ಕಂಚಿಯಿಂದ ಬಂದ ಕೈಯೊಂದು ಮಾತ್ರ ಈ ಜೋಡಣೆಯನ್ನು ಮಾಡಿತೆನ್ನುವುದಕ್ಕಿಂತ, ಎರಡು ಕ್ರಮಗಳನ್ನೂ ಒಂದೇ ಊರಿನಲ್ಲಿ ಅಭ್ಯಾಸಮಾಡಿದ ಮಲಪ್ರಭೆಯ ದಂಡೆಯ ಆಚಾರಿಗಳು ಮಾಡಿದರೆನ್ನುವುದು ಹೆಚ್ಚು ಯುಕ್ತವಾಗಿದೆ. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರದ ಕೈಲಾಸವನ್ನು ಬೆಟ್ಟದಲ್ಲಿ ಕೊರೆದವರು ಈ ಗುಡಿಯನ್ನೇ ಮಾದರಿಯಾಗಿ ಇಟ್ಟುಕೊಂಡರೆಂಬುದು ವಿದ್ವಾಂಸರಲ್ಲಿ ಬಹುಜನರ ಮತ.

೭. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಲೋಕೇಶ್ವರವನ್ನು ಕಟ್ಟಿಸಿದವಳು ಲೋಕಮಹಾದೇವಿ. ಕಟ್ಟಿದವರು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಮೊದಲಾದವರು. ಇವರಲ್ಲಿ ಯಾರನ್ನೂ ಕಂಚಿಯವನೆಂದು ಶಾಸನವು ಹೇಳುವುದಿಲ್ಲ. ‘ತೆಂಕಣ ದಿಸೆ’ ಎಂಬುದಕ್ಕೆ ಗುಡಿಯ ದಕ್ಷಿಣ ಪಾರ್ಶ್ವವೆಂಬ ಅರ್ಥವೇ, ಪಾಪನಾಥದ ಶಾಸನದೊಡನೆ ಹೋಲಿಸಿದಾಗ, ಹೆಚ್ಚು ಸಂಭವನೀಯವಾಗಿದೆ. ಕಂಚಿಯಿಂದ ಬಂದುದು ಕಣ್ಣಿನ ನೆನಪು. ಕೈ ಮಾತ್ರ ಇಲ್ಲಿಯದೇ.

ಪ್ರಾಚೀನ ದೇವಾಲಯವನ್ನು ನೋಡಹೋಗುವವರು ಮೊದಲು ವಿಗ್ರಹಗಳನ್ನು ನೋಡುವುದು ಸಹಜ. ಆದರೆ ಬಾಗಿಲ ಬಳಿಯ ಅಕ್ಷರಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ನಮ್ಮ ಪ್ರಾರ್ಥನೆ. ಅವುಗಳನ್ನು ಮುಟ್ಟದೆ, ಬೆಳಗಿನ ಓರೆ ಬಿಸಿಲು ಬಿದ್ದಾಗ ನೋಡಿದರೆ, ಅನೇಕ ಅಕ್ಷರಗಳು ಇನ್ನೂ ಕಣ್ಣಿಗೆ ಸಿಕ್ಕುತ್ತವೆ. ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚುಕಾಲ ಬಿಸಿಲು ಮಳೆಗಳನ್ನು ತಾಳಿಕೊಂಡು ಆ ಆಚಾರಿಗಳ ಹೆಸರನ್ನು ಕಲ್ಲು ಕಾಪಾಡಿದೆ. ಅವರ ಕೆಲಸವನ್ನು ಅವರ ಹೆಸರಿನಲ್ಲಿಯೇ ಹೇಳುವುದು ನಮ್ಮಿಂದ ಆಗತಕ್ಕ ಅತ್ಯಲ್ಪವಾದ ಋಣಸಂದಾಯ.